ಔರಾದಿನ ಸೇಬು

ಸಕ್ಕರೆ ಸುಡುವ ವಾಸನೆ ಬಂದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹೋದ ತಿಂಗಳಿನಿಂದ ಆ ನೀರು ನುಂಗುವುದೇ ಕಷ್ಟವಾಗಿದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು, ಅದರ ಹಿಂದೆ ಒಂದು ಮನೆಯೂ. ನಮ್ಮದು ಭಾಲ್ಕಿಯ ಸ್ಟೇಷನ್ ಹಿಂದಿನ ಎರಡು ಕೋಣೆಯ ಮನೆ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಅವ್ವ ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸಂಜೆಯ ಬಸ್ಸಿಗೆ ಮರಳುವಾಗ ಅವಳ ಚೀಲದಲ್ಲಿ ಒಮ್ಮೊಮ್ಮೆ ನಾಲ್ಕೈದು ಸೇಬು ಇರುತ್ತಿದ್ದವು, ಒಂದೆರಡರ ಸಿಪ್ಪೆ ಸುಕ್ಕುಗಟ್ಟಿರುತ್ತಿತ್ತು. ಆ ದಿನ ನನಗೂ ತಮ್ಮ ಸುನೀಲನಿಗೂ ಹಬ್ಬ. ಅವ್ವ ಬಿಳಿ ಸೀರೆ ಕೂಡ ಬದಲಿಸದೆ ಒಲೆ ಹಚ್ಚುತ್ತಿದ್ದಳು. ಕಬ್ಬಿಣದ ಬಾಣಲೆಗೆ ಬರೀ ಸಕ್ಕರೆ ಸುರಿದು, ಚಮಚ ಮುಟ್ಟಿಸದೆ, ಬಾಣಲೆಯನ್ನೇ ಮೆಲ್ಲಗೆ ತಿರುಗಿಸುವಳು. ಅಂಚಿನಿಂದ ಕರಗುತ್ತ ಜೇನಿನ ಬಣ್ಣಕ್ಕೆ ಬಂದಾಗ ತುಪ್ಪ, ಚಿಟಿಕೆ ಉಪ್ಪು, ದಾಲ್ಚಿನ್ನಿ ಪುಡಿ, ಆಮೇಲೆ ಸೇಬಿನ ಹೋಳುಗಳು. ಚುರ್ರೆಂದು ಹಬೆ ಏಳುತ್ತಿತ್ತು. ಮೇಲೊಂದು ಚಮಚ ಹಾಲಿನ ಕೆನೆ. ಹತ್ತು ನಿಮಿಷದ ಕೆಲಸ. ನನ್ನ ಮಗಳು ಇದನ್ನು ಕ್ಯಾರಮೆಲ್ ಆ್ಯಪಲ್ ಎನ್ನುತ್ತಾಳೆ; ನಮಗೆ ಅದು ಸುಟ್ಟ ಸಕ್ಕರೆಯ ಸೇಬು.

ತಟ್ಟೆ ಬಂದ ಕೂಡಲೇ ತಿನ್ನುವಂತಿರಲಿಲ್ಲ. ನಮ್ಮದು ಪ್ರಾರ್ಥನೆ ಮಾಡಿ ಉಣ್ಣುವ ಮನೆ, ಸೇಬಿನ ದಿನ ಅದರೊಳಗೆ ಒಂದು ಹೆಸರೂ ಸೇರುತ್ತಿತ್ತು. “ಇವತ್ತ ಔರಾದಿನ ಶಂಕರಪ್ಪ ಕಾಕಾನ ಹೆಸರು ತಗೋರಿ,” ಎನ್ನುತ್ತಿದ್ದಳು ಅವ್ವ. ಇನ್ನೊಮ್ಮೆ ಮೆಹಕರದ ಚಂದ್ರಭಾಗಾಬಾಯಿ, ಮತ್ತೊಮ್ಮೆ ಜನವಾಡದ ಯಾರೋ. ಹೆಸರು ಹೇಳಿ ಮೊದಲ ಹೋಳನ್ನು ತಾನೇ ತಿನ್ನುವಳು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದು. ಹಣ್ಣು ಕಳಿಸಿದವರು ಇವರೇ ಎಂದು ನಾವು ತಿಳಿದಿದ್ದೆವು. ಔರಾದಿನಲ್ಲಿ ಸೇಬಿನ ತೋಟಗಳಿವೆ ಎಂದು ಶಾಲೆಯಲ್ಲಿ ಆಣೆ ಮಾಡಿ ಹೇಳಿ ಮಾಸ್ತರರ ಕೈಯಲ್ಲಿ ಏಟು ತಿಂದವಳು ನಾನು. ಸುನೀಲ ನನಗಿಂತ ಆಸೆಬುರುಕ. “ದೇವ್ರೆ, ಶಂಕರಪ್ಪ ಕಾಕಾ ಮುಂದಿನ ವಾರನೂ ಕಳಸ್ಲಿ, ಇನ್ನೂ ಭಾಳ ಮಂದಿ ಕಳಸ್ಲಿ,” ಎಂದು ಜೋರಾಗಿ ಸೇರಿಸುತ್ತಿದ್ದ. ನಾನು ಅಷ್ಟೇ ಜೋರಾಗಿ ಆಮೆನ್ ಅನ್ನುತ್ತಿದ್ದೆ. ಅವ್ವ ಒಮ್ಮೆಯೂ ಗದರಲಿಲ್ಲ. ಎದ್ದು ಹೋಗಿ ಬಾಣಲೆ ತಿಕ್ಕುತ್ತಿದ್ದಳು.

ಹೋದ ತಿಂಗಳು ಅವ್ವ ತೀರಿಕೊಂಡಳು, ಬೀದರಿನಲ್ಲಿ, ತಾನು ದುಡಿದ ಅದೇ ಆಸ್ಪತ್ರೆಯಲ್ಲಿ. ಮಣ್ಣು ಮಾಡಿ ಬಂದ ಮೂರನೆಯ ದಿನ ನೋಡಿದರೆ, ಆಸ್ಪತ್ರೆಯಲ್ಲಿ ಅವಳನ್ನು ಮಾತಾಡಿಸಲು ಬಂದವರು ತಂದಿದ್ದ ಸೇಬು ನನ್ನ ಅಡುಗೆಮನೆಯಲ್ಲಿ ಚೀಲದಲ್ಲೇ ಇದ್ದವು. ಕೆಟ್ಟು ಹೋದಾವು ಎಂದು ಬಾಣಲೆ ಇಟ್ಟೆ. ವಾಸನೆ ಹಿಡಿದು ಚಿಗವ್ವ ಬಂದು ಬಾಗಿಲಲ್ಲಿ ನಿಂತಳು. ಅವ್ವನ ತಂಗಿ ಅವಳು, ಅವ್ವನ ವಾರ್ಡಿನಲ್ಲೇ ಕೆಲಸ ಮಾಡಿದವಳು.

“ಹೀಂಗ ಮಾಡಬೇಕಂತ ನಿಮ್ಮವ್ವ ಹೇಳಿದ್ಳೇನು?”

“ಇಲ್ಲಲ್ಲ ಚಿಗವ್ವ. ಯಾಕ?”

“ಮತ್ತ ನಿನಗ ಗೊತ್ತೇ ಇಲ್ಲೇನು? ದವಾಖಾನಿದಾಗ ಯಾರರ ತೀರಿಕೊಂಡ್ರ ಮಂದಿ ಹೆಣ ಒಯ್ತಿದ್ರು, ಹಾಸಿಗಿ ಒಯ್ತಿದ್ರು. ಮಗ್ಗಲಿನ ಹಣ್ಣು ಯಾರೂ ಮುಟ್ತಿರಲಿಲ್ಲ. ಒಗೀರಿ ಅಂತಿದ್ರು. ನಿಮ್ಮವ್ವಗ ಮನಸ್ಸಾಗ್ತಿರಲಿಲ್ಲ. ಅವರ ಬಾಯಿಗಂತ ತಂದದ್ದು, ಅವರ ಹೆಸರು ತಗೊಂಡು ಯಾರರ ತಿನ್ಲಿ ಅಂತಿದ್ಳು.”

ಬಾಣಲೆ ತಿರುಗಿಸುವುದನ್ನು ಬಿಟ್ಟೆ. ಹಾಗಾದರೆ ಶಂಕರಪ್ಪ ಕಾಕಾ, ನಾವು ಅವನ ಹೆಸರು ತಗೊಂಡ ದಿನವೇ ಸತ್ತಿದ್ದ. ಅವನ ಮನೆಯವರು ಔರಾದಿನ ದಾರಿಯಲ್ಲಿ ಅಳುತ್ತ ಹೋಗುವಾಗ ನಾವು ತಟ್ಟೆ ನೆಕ್ಕುತ್ತಿದ್ದೆವು. ಇನ್ನೂ ಭಾಳ ಮಂದಿ ಕಳಸ್ಲಿ ಎಂದು ಕೇಳಿದ್ದೆವು, ಪ್ರತಿ ಸಲವೂ ಕೇಳಿದ್ದೆವು. ಅದನ್ನು ಕೇಳಿಸಿಕೊಂಡು ಅವ್ವ ಹೇಗೆ ಸುಮ್ಮನಿದ್ದಳೋ ನನಗೆ ತಿಳಿಯದು. ಸುನೀಲ ಈಗ ಔರಾದಿನಲ್ಲೇ ಮಾಸ್ತರ. ನಮ್ಮ ಸೇಬಿನ ತೋಟ ಹುಡುಕುತ್ತಿದ್ದೇನೆ ಎಂದು ಫೋನಿನಲ್ಲಿ ಈಗಲೂ ನಗುತ್ತಾನೆ. ಅವನಿಗೆ ನಾನಿನ್ನೂ ಹೇಳಿಲ್ಲ.

ಅಷ್ಟರಲ್ಲಿ ಸಕ್ಕರೆ ಕರಕಾಗಿತ್ತು. ಆದರೂ ಹೋಳುಗಳನ್ನು ಹಾಕಿದೆ. ಮಗಳು ತಟ್ಟೆ ತಂದಳು. ಚಿಗವ್ವನೂ ಬಂದು ಕುಳಿತಳು. “ಹೆಸರು ತಗೋವ್ವ,” ಎಂದಳು. ಅವ್ವ ಅನ್ನಲು ಹೋಗಿ, ಊರು ಸೇರಿಸಿ ಅವಳ ಹೆಸರನ್ನೇ ತಗೊಂಡೆ.

“ಭಾಲ್ಕಿಯ ಶಾಂತಮ್ಮ,” ಎಂದೆ.

ಮೊದಲ ಹೋಳನ್ನು ನಾನೇ ತಿಂದೆ. ಕಹಿಯಾಗಿತ್ತು. ದೇವರೇ, ಇನ್ನು ಯಾರೂ ಕಳಿಸುವುದು ಬೇಡ ಎಂದು ಬೇಡಿಕೊಂಡೆ. ಏನೂ ತಿಳಿಯದ ಮಗಳು ಜೋರಾಗಿ ಆಮೆನ್ ಅಂದಳು.