ಫ್ರಿಜ್ಜಿನಲ್ಲಿ ಕಳೆದ ಚಳಿಗಾಲ

ಅಕ್ಕ ನಮ್ಮ ಕ್ಯುಪರ್ಟಿನೋ ಮನೆಗೆ ಬಂದ ದಿನ ಅವಳ ಸೂಟ್‌ಕೇಸಿನಿಂದ ಮೊದಲು ಹೊರಬಂದದ್ದು ಸೀರೆಯಲ್ಲ, ಹಳೆಯ ಟವೆಲಿನಲ್ಲಿ ಸುತ್ತಿದ್ದ ಮೂರು ಬೇರಿನ ಗಂಟುಗಳು. ಎಲೆ ಕತ್ತರಿಸಿ, ಮಣ್ಣೆಲ್ಲ ತೊಳೆದು ತಂದಿದ್ದಳು. ಶುಂಠಿಗೆ ಗಡ್ಡ ಬಂದ ಹಾಗೆ ಕಾಣುತ್ತಿತ್ತು.

“ಏನಕ್ಕ ಇದು?”

“ಹೋಸ್ಟಾ ಕಣೆ, ನೆರಳಲ್ಲಿ ಬೆಳೆಯೋ ಅಗಲ ಎಲೆ ಗಿಡ. ನಿಮ್ಮ ಭಾವ ಹಾಕಿದ್ದು.”

ಭಾವ ತೀರಿಕೊಂಡು ಆಗ ವರ್ಷ ಕಳೆದಿತ್ತು. ಮದುವೆಯಾದ ಹೊಸದರಲ್ಲೇ ಮಂಡ್ಯದಿಂದ ನೇರ ಮಿನೆಸೋಟಾಕ್ಕೆ ಹೋದ ಅಕ್ಕ ಅಲ್ಲಿ ಒಂದೇ ಮನೆಯಲ್ಲಿ ಬದುಕು ಕಳೆದಿದ್ದಳು. ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಯಾಕಿರಬೇಕು, ನಮ್ಮ ಜೊತೆ ಬಂದಿರು ಎಂದು ಫೋನು ಮಾಡಿ ಮಾಡಿ ಒಪ್ಪಿಸಿದವಳು ನಾನೇ. ಮನೆ ಮಾರಿ ಬಂದಳು. ಚಿಕ್ಕಂದಿನಲ್ಲಿ ನನ್ನ ಜಡೆ ಹೆಣೆಯುತ್ತಿದ್ದ ಅಕ್ಕ ಮತ್ತೆ ನನ್ನ ಮನೆಯಲ್ಲಿ ಬೆಳಿಗ್ಗೆ ಕಾಫಿ ಸೋಸುತ್ತಾಳೆ ಎನ್ನುವುದೇ ನನಗೆ ಹಬ್ಬವಾಗಿತ್ತು.

“ಇಲ್ಲಿ ಆರಾಮಾಗಿರಿ ಅತ್ತಿಗೆ. ಸ್ನೋ ಇಲ್ಲ, ಅದನ್ನ ಶವೆಲ್ ಮಾಡಿ ಎತ್ತಿಹಾಕೋ ಕಷ್ಟ ಇಲ್ಲ” ಎಂದರು ನಮ್ಮವರು. ಅಕ್ಕ ನಕ್ಕಳು. ಆ ನಗು ಅಷ್ಟಕ್ಕಷ್ಟೇ ಎಂದು ನನಗೆ ಆಗ ಹೊಳೆಯಲಿಲ್ಲ.

ಎರಡು ಗಂಟುಗಳನ್ನು ಅವಳೇ ಹಿತ್ತಲ ಬೇಲಿಯ ನೆರಳಿನಲ್ಲಿ ನೆಟ್ಟಳು. ಮೂರನೆಯದಕ್ಕೆ ಅಲ್ಲಿ ಜಾಗ ಸಾಲದೆ ಒಂದು ಮಣ್ಣಿನ ಕುಂಡದಲ್ಲಿ ಹಾಕಿ ಸೂರಿನ ಕೆಳಗೆ ಇಟ್ಟಳು. “ಚಳಿಗಾಲದಲ್ಲಿ ಮೇಲೆ ಏನೂ ಇರಲ್ಲ, ಸತ್ತೋಯ್ತು ಅನ್ಕೋಬೇಡ. ಕೆಳಗೆ ಮಲಗಿರುತ್ತೆ. ಮೈನಸ್ ಇಪ್ಪತ್ತಕ್ಕೂ ಜಗ್ಗಲ್ಲ ಇದು. ನಿಮ್ಮೂರಿನ ಚಳಿ ಯಾವ ಲೆಕ್ಕ?” ಎಂದಳು.

ಆ ಚಳಿಗಾಲ ಇಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಾನು ಮೆನ್ಲೋ ಪಾರ್ಕಿನ ಆಫೀಸಿನಿಂದ ಹೊರಟರೆ ಫ್ರೀವೇ ತುಂಬ ವೈಪರುಗಳ ಓಡಾಟವೇ. ನಮ್ಮ ಹಿತ್ತಲಿನ ಜೇಡಿಮಣ್ಣು ನೀರನ್ನು ಕುಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಮೇಲೆ ತೇವ ಆರುವಷ್ಟರಲ್ಲಿ ಮತ್ತೆ ಮಳೆ.

ವಸಂತ ಬಂದು ಪಕ್ಕದ ಮನೆಯ ಪ್ಲಮ್ ಮರ ಹೂಬಿಟ್ಟು ಉದುರಿಸಿಯೂ ಆಯಿತು. ಬೇಲಿಯ ಬಳಿ ಏನೂ ಏಳಲಿಲ್ಲ. ಅಕ್ಕ ದಿನಾ ಹೋಗಿ ಬಗ್ಗಿ ನೋಡಿ ಬರುತ್ತಿದ್ದಳು. ಒಂದು ಶನಿವಾರ ತಡೆಯಲಾರದೆ ಕೈಯಲ್ಲೇ ಮಣ್ಣು ಬಗೆದಳು. ಬೆರಳಿಗೆ ಸಿಕ್ಕಿದ್ದು ಕೊಳೆತ ಬಾಳೆಹಣ್ಣಿನಂಥ ಕಂದು ಲೋಳೆ. ವಾಸನೆ ನನ್ನ ತನಕ ಬಂತು. ಇನ್ನೊಂದೂ ಹಾಗೆಯೇ.

ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. “ಅಷ್ಟು ಚಳೀಲಿ ಬದುಕಿದ್ದು ಇಲ್ಲಿ ಹೆಂಗೆ ಹೋಯ್ತೇ?”

ಉತ್ತರ ಹೇಳಿದ್ದು ಮಿನೆಸೋಟಾದಲ್ಲಿ ಅಕ್ಕನ ಪಕ್ಕದ ಮನೆಯಲ್ಲಿದ್ದ ಗೆಳತಿ. ನಿವೃತ್ತ ಟೀಚರು, ಪ್ರತಿ ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದರು. ಅಲ್ಲಿ ನೆಲ ಹೆಪ್ಪುಗಟ್ಟಿದರೆ ನೀರು ಬೇರಿನ ಹತ್ತಿರ ಹರಿದಾಡುವುದೇ ಇಲ್ಲ. ಮೇಲಿನ ಹಿಮ ಕಂಬಳಿಯ ಹಾಗೆ ಗಿಡವನ್ನು ಕಾಯುತ್ತದೆ. ಮಲಗಿದ ಗಿಡ ನೀರು ಕುಡಿಯುವುದಿಲ್ಲವಲ್ಲ, ನಿಮ್ಮ ಮಣ್ಣು ತಿಂಗಳುಗಟ್ಟಲೆ ಅದನ್ನು ತೋಯಿಸಿಟ್ಟು ಕೊಳೆಸಿದೆ ಎಂದರಂತೆ. ಅಕ್ಕ ಅದನ್ನು ನನಗೆ ಹೇಳಿದ್ದು ಹೀಗೆ: “ಚಳಿಯಿಂದ ಸತ್ತಿಲ್ಲ ಕಣೆ. ಒದ್ದೆಯಿಂದ ಸತ್ತಿರೋದು.”

ಸೂರಿನ ಕೆಳಗೆ ಮಳೆ ತಾಗದ ಕುಂಡದಲ್ಲಿ ಮಾತ್ರ ತಡವಾಗಿ, ಸುರುಳಿ ಸುತ್ತಿದ ಒಂದು ಮೊಳಕೆ ಎದ್ದಿತು. ಬಿಚ್ಚಿಕೊಂಡ ಎಲೆಗಳು ವೀಳ್ಯದೆಲೆಯಷ್ಟೂ ಇರಲಿಲ್ಲ. ಮಿನೆಸೋಟಾದಲ್ಲಿ ಒಂದೊಂದು ಎಲೆಯ ಮೇಲೂ ಚಿತ್ರಾನ್ನ ಬಡಿಸಬಹುದಿತ್ತು ಎಂದು ಅಕ್ಕ ಕೈ ಅಗಲಿಸಿ ತೋರಿಸಿದಳು. “ನಿದ್ದೆ ಸಾಲದು ಇದಕ್ಕೆ. ಇಲ್ಲಿಯ ಚಳಿಗೆ ಬರೀ ತೂಕಡಿಸಿದೆ.”

ಹಾಗಾಗಿ ಎರಡನೆಯ ಚಳಿಗಾಲದಲ್ಲಿ, ಅದೇ ಗೆಳತಿಯ ಸಲಹೆಯಂತೆ, ಎಲೆ ಹಳದಿಯಾಗಿ ಮಲಗಿದ ಮೇಲೆ ಅಕ್ಕ ಗಿಡವನ್ನು ಕುಂಡದಿಂದ ಬಿಡಿಸಿದಳು. ಬೇರನ್ನು ಒಣಗಿಸಿ, ತುಸುವೇ ತೇವವಿದ್ದ ತೆಂಗಿನ ನಾರಿನ ಪುಡಿಯಲ್ಲಿಟ್ಟು, ತೂತು ಮಾಡಿದ ಚೀಲದಲ್ಲಿ ಹಾಕಿ ಗರಾಜಿನಲ್ಲಿದ್ದ ನಮ್ಮ ಎರಡನೆಯ ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ ಮಲಗಿಸಿದಳು. ಸೇಬಿನಿಂದ ಹೊರಡುವ ಅನಿಲಕ್ಕೆ ಮೊಳಕೆ ಕೆಡುತ್ತದಂತೆ, ಹತ್ತಿರ ಸೇಬು ಇಡಬಾರದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ. ಮಗಳು ಒಮ್ಮೆ ಚೀಲ ಎತ್ತಿ ಹಿಡಿದು, “ಅಮ್ಮಾ, ದಿಸ್ ಜಿಂಜರ್ ಈಸ್ ಸೋ ವಿಯರ್ಡ್!” ಎಂದು ಕೂಗಿದಾಗ ಅಕ್ಕ ಓಡಿಹೋಗಿ ಕಿತ್ತುಕೊಂಡಳು.

“ಅದು ನಿನ್ನ ದೊಡ್ಡಪ್ಪನ ಗಿಡ ಪುಟ್ಟಿ.”

“ಓ... ಸಾರಿ ದೊಡ್ಡಮ್ಮ. ಈಸ್ ಇಟ್ ಸ್ಲೀಪಿಂಗ್?” ಎಂದು ಮಗಳು ದನಿ ತಗ್ಗಿಸಿದಳು.

ಆ ಜನವರಿಯ ಒಂದು ಸಂಜೆ ಆಫೀಸಿನಿಂದ ಬಂದು ಗರಾಜಿನ ಬಾಗಿಲು ಎತ್ತಿದರೆ ಅಕ್ಕ ಫ್ರಿಜ್ಜಿನ ಎದುರು ನಿಂತಿದ್ದಳು. ಅದರ ಬಾಗಿಲು ಹಾರುಹೊಡೆದಿತ್ತು. ಕೈಯಲ್ಲಿ ಏನೂ ಇರಲಿಲ್ಲ.

“ಏನು ಹುಡುಕ್ತಿದ್ದೀಯ ಅಕ್ಕ?”

“ಏನಿಲ್ಲ. ಮುಖಕ್ಕೆ ತಣ್ಣಗೆ ತಾಗ್ತಿತ್ತು. ಹಂಗೇ ನಿಂತ್ಕೊಂಡೆ.”

ನಾನು ಕಾರಿನಿಂದಿಳಿದು ಹತ್ತಿರ ಹೋದೆ. ಅವಳು ಬಾಗಿಲು ಹಾಕಲಿಲ್ಲ.

“ನಿಮ್ಮ ಭಾವ ದಾರೀಲಿ ಬಿದ್ದ ಸ್ನೋ ಎಲ್ಲ ಎತ್ತಿ ಎತ್ತಿ ಈ ಗಿಡಗಳ ಮೇಲೇ ಸುರೀತಿದ್ರು. ಸತ್ತೋಗ್ತವೆ ಕಣ್ರೀ, ಬೇರೆ ಕಡೆ ಹಾಕಿ ಅಂತ ನಾನು ಕಿಟಕಿಯಿಂದ ಬೈತಿದ್ದೆ. ‘ಹೊದಿಸ್ತಾ ಇದೀನಿ ಮಾರಾಯ್ತಿ’ ಅಂತಿದ್ರು. ಒಳಗೆ ಬಂದ್ರೆ ಮೀಸೆಯೆಲ್ಲ ಬೆಳ್ಳಗೆ. ಹಾಗೇ ಬಂದು ಆ ತಣ್ಣನೆ ಕೈ ನನ್ನ ಕತ್ತಿಗೆ ಇಟ್ಬಿಡೋರು.” ಅವಳ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. “ಇಲ್ಲಿ ಎಲ್ಲಾ ಚೆನ್ನಾಗಿದೆ ಕಣೆ. ನೀನೂ ಚೆನ್ನಾಗಿ ನೋಡ್ಕೋತೀಯ. ಆದ್ರೆ ಇಲ್ಲಿ ಅವರು ನೆನಪಾಗೋಕೆ ಏನೂ ಇಲ್ಲ.”

ಅಲ್ಲಿಯ ತನಕ ನಾನು ಅವಳಿಗಾಗಿ ಮಾಡಿದ್ದೆಲ್ಲ ಮಂಡ್ಯದ ಲೆಕ್ಕದಲ್ಲೇ. ಅವರೆಕಾಯಿ ಎಲ್ಲಿ ಸಿಗುತ್ತದೆಂದು ಗ್ರಾಸರಿ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದೆ, ಒಬ್ಬಟ್ಟು ಮಾಡಿಸುತ್ತಿದ್ದೆ, ಅಮ್ಮನ ಮಾತು ತೆಗೆಯುತ್ತಿದ್ದೆ. ಊರು ಎಂದರೆ ನಮ್ಮಿಬ್ಬರಿಗೂ ಒಂದೇ ಎಂದುಕೊಂಡಿದ್ದೆ. ಅವಳ ಊರು ಯಾವಾಗಲೋ ಬೇರೆಯಾಗಿತ್ತು. ನನ್ನ ಅಕ್ಕ ಹಿಮಕ್ಕಾಗಿ ಹಂಬಲಿಸುತ್ತಿದ್ದಳು.

ಫೆಬ್ರವರಿ ಮುಗಿಯುವ ಹೊತ್ತಿಗೆ ಗಿಡವನ್ನು ಹೊರತೆಗೆದೆವು. ಬುಡ ಗಟ್ಟಿಯಾಗಿತ್ತು. ಮರಳು, ಸಣ್ಣ ಜಲ್ಲಿ ಬೆರೆಸಿದ ಹೊಸ ಮಣ್ಣಿಗೆ ಹಾಕಿದೆವು. ಕೆಲವೇ ವಾರಗಳಲ್ಲಿ ನಾಲ್ಕೈದು ಮೊಳಕೆಗಳು ನೇರಳೆ ಮೂತಿ ತೋರಿಸಿದವು. ಈ ಬಾರಿ ಎಲೆಗಳು ನನ್ನ ಅಂಗೈ ಮೀರಿ ಬೆಳೆದವು. ಅಕ್ಕ ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು: “ನಾನು ವಾಪಸ್ ಹೋಗ್ತೀನಿ ಕಣೆ. ಆ ಟೀಚರ್ ಗೆಳತಿ ಮನೆ ಹತ್ರಾನೇ ಒಂದು ಅಪಾರ್ಟ್‌ಮೆಂಟ್ ಇದೆಯಂತೆ.”

ನಾನು ಅತ್ತೆ. ಜಗಳವಾಡಿದೆ. ಜಾರಿ ಬಿದ್ದರೆ ಯಾರು ನೋಡುತ್ತಾರೆ ಎಂದೆ. ಅಕ್ಕ ಎಲ್ಲ ಕೇಳಿಸಿಕೊಂಡು, “ಬೀಳದ ಹಾಗೆ ನಡೀತೀನಿ ಬಿಡೇ” ಎಂದಳಷ್ಟೇ. ಬೇಸಗೆ ಕಳೆದ ಮೇಲೆ ಓಕ್ಲ್ಯಾಂಡ್ ವಿಮಾನನಿಲ್ದಾಣಕ್ಕೆ ಬಿಟ್ಟುಬಂದೆ. ಗಿಡವನ್ನು ಒಯ್ಯೆಂದರೆ ಒಪ್ಪಲಿಲ್ಲ. “ನಂಗೆ ಅಲ್ಲಿ ಅವರು ಹಾಕಿದ್ದೇ ಬೇಕಾದಷ್ಟಿದೆ, ಎಲ್ಲರ ಹಿತ್ತಲಲ್ಲೂ ಹಂಚಿಬಿಟ್ಟಿದ್ದಾರೆ. ಇದು ನಿನ್ನ ಹತ್ರ ಇರಲಿ” ಎಂದಳು.

ಬೆಳಿಗ್ಗೆ ಕಾಫಿ ಈಗ ಮೆಷೀನಿನದೇ. ಈ ಡಿಸೆಂಬರಿನಲ್ಲಿ ಬೇರನ್ನು ನಾನೇ ಒಣಗಿಸಿ ಚೀಲಕ್ಕೆ ಹಾಕಿದೆ. ಸರಿಯಾಯಿತೋ ಇಲ್ಲವೋ ಎಂದು ಕೇಳಲು ವಿಡಿಯೋ ಕಾಲ್ ಮಾಡಿದರೆ ಅಕ್ಕ ಸಂಭ್ರಮದಿಂದ, “ನೋಡೇ, ನೋಡೇ, ಬೆಳಿಗ್ಗೆಯಿಂದ ಒಂದೇ ಸಮ ಬೀಳ್ತಿದೆ!” ಎಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು. ನನಗೆ ಕಂಡಿದ್ದು ಬರೀ ಬಿಳುಪು.

“ಹೊರಗಡೆ ಸಾಕಕ್ಕ,” ಎಂದೆ. “ನಿನ್ನ ಮುಖ ತೋರಿಸು.”