ಮೈದುನ ಅಂಟಿಸಿದ ಗರಿ

ವಿಜಯದಶಮಿಯ ದಿನ ನನ್ನ ಮೊಮ್ಮಗಳ ಬಾಣ ಬಾಳೆಕಂಬಕ್ಕೆ ತಾಗದೆ ಹೋಗಿದ್ದು ಅವಳು ಹೆಣ್ಣು ಅಂತಲ್ಲ. ನನ್ನ ಮೈದುನ ಅದಕ್ಕೆ ಪ್ಲಾಸ್ಟಿಕ್ ಗರಿ ಅಂಟಿಸಿದ್ದ, ಅಷ್ಟೇ.

ಬುಕ್ಕಾಂಬುಧಿ ಕಡೆಯ ನಮ್ಮ ಊರಿನಲ್ಲಿ ಬನ್ನಿಮರದ ಹತ್ತಿರ ಬಾಳೆಕಂಬ ನೆಟ್ಟು ಅಂಬು ಹೊಡೆಯುವುದು ನಮ್ಮ ಮನೆತನದವರೇ. ಯಜಮಾನರು ಇರುವ ತನಕ ಅವರು ಹೊಡೆದರು. ಕಡೂರಿನ ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಅವರೇ ಕೈ ಹಿಡಿದು ಕಲಿಸಿದ್ದರು. ಅದಕ್ಕೇ ಈ ಸಲ ಬಿಲ್ಲು ಅವಳಿಗೆ ಎಂದೆ. ಮೈದುನನಿಗೆ ತನ್ನ ಮಗ ಹೊಡೆಯಬೇಕೆಂಬ ಆಸೆ. ಆದರೂ ಜಗಳಕ್ಕೆ ಬರಲಿಲ್ಲ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಆಯುಧಪೂಜೆಯ ಬೆಳಿಗ್ಗೆ ಬಾಣ ರಿಪೇರಿ ಮಾಡಿದ್ದೇನೆಂದು ತಂದ. ಟರ್ಕಿಕೋಳಿಯ ಗರಿ ಕಿತ್ತು ಹಳದಿ ಪ್ಲಾಸ್ಟಿಕ್ ಹಾಕಿದ್ದ.

“ಏನಪ್ಪಾ ಇದು?”

“ಗರಿ ನೆಂದ್ರೆ ಮುದುರ್ಕೊಂತದೆ ಅತ್ಗೆ. ಇದು ಮಳೆಗೆ ಜಗ್ಗಲ್ಲ. ಈಗ ಎಲ್ರೂ ಇದ್ನೇ ಹಾಕದು.”

“ಮೋಡನೇ ಇಲ್ವಲ್ಲೋ.”

“ನಿಮ್ಗೆ ಎಲ್ಲಾದ್ರಲ್ಲೂ ಅನುಮಾನ” ಎಂದು ನಕ್ಕು, ಬಾಣವನ್ನು ಪೂಜೆಗೆ ಇಟ್ಟೇಬಿಟ್ಟ. ಪೂಜೆಗಿಟ್ಟ ಆಯುಧವನ್ನು ಅಂಬು ಹೊಡೆಯುವ ತನಕ ಯಾರೂ ಮುಟ್ಟುವಂತಿಲ್ಲ. ಒಂದು ಸಲ ಬಿಟ್ಟು ನೋಡುವುದಕ್ಕೂ ದಾರಿ ಇರಲಿಲ್ಲ.

ಮಾರನೆಯ ಸಂಜೆ ಊರೆಲ್ಲ ನೋಡುತ್ತಿರುವಾಗ ಬಾಣ ಕಂಬದ ಪಕ್ಕ ಹಾದು ಬೇಲಿಗೆ ಬಿತ್ತು. “ಮುಂದ್ಲೊರ್ಷ ಗಂಡುಮಕ್ಳು ಹೊಡೀಲಿ ಬಿಡಿ” ಎಂದ ಮೈದುನ.

ಮನೆಗೆ ಬಂದ ಮೊಮ್ಮಗಳು ಬಿಲ್ಲು ತೋರಿಸಿದಳು. ಅದರ ಮೇಲೊಂದು ಹಳದಿ ಗೀರು. ನಮ್ಮದು ಬಿದಿರಿನ ಬಿಲ್ಲು. ಬಾಣ ಬಿಲ್ಲಿಗೆ ಒರಗಿ ಕೈಮೇಲೆ ಕೂರುತ್ತದೆ. ಹಕ್ಕಿಗರಿ ಬಿಲ್ಲಿಗೆ ತಾಗಿದರೆ ಬಗ್ಗಿಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಬಗ್ಗುವುದಿಲ್ಲ, ಬಾಣವನ್ನೇ ಪಕ್ಕಕ್ಕೆ ಒದೆಯುತ್ತದೆ.

“ಚಿಕ್ಕಜ್ಜ ಗೊತ್ತಿಲ್ದೆ ಮಾಡಿರ್ಬೋದು ಅಜ್ಜಿ.”

“ನಿಮ್ಮಜ್ಜನ ಜೊತೆ ಕೂತು ಬಾಣ ಕಟ್ಟಿದೋನು ಕಣೇ ಅವ್ನು. ಗೊತ್ತಿಲ್ವಂತೆ.”

ಬನ್ನಿ ಕೊಡುವ ನೆವ ಮಾಡಿಕೊಂಡು ಅವನ ಮನೆಗೆ ಹೋದೆ. ಅವನ ಮಗ ಅಭ್ಯಾಸ ಮಾಡುವ ಬಾಣ ಜಂತೆಗೆ ಸಿಕ್ಕಿಸಿತ್ತು. ಅದಕ್ಕೆ ಕಟ್ಟಿದ್ದು ಟರ್ಕಿಕೋಳಿಯ ಗರಿ. ಕೊಟ್ಟ ಒಬ್ಬಟ್ಟು ತಿಂದು ಬಂದೆ.

ಬೆಳಿಗ್ಗೆ ಜನ ಡೇರಿಗೆ ಹಾಲು ಹಾಕಲು ಹೋಗುವ ಹೊತ್ತಿಗೆ, ಆ ಬಾಳೆಕಂಬವನ್ನೇ ಎಳೆದುಕೊಂಡು ಹೋಗಿ ಅವನ ಬಾಗಿಲ ಮುಂದೆ ನೆಟ್ಟೆ. ಅವನ ಜಂತೆಯ ಬಾಣ ಇಳಿಸಿ ಮೊಮ್ಮಗಳಿಗೆ ಕೊಟ್ಟೆ. ಬಿಲ್ಲನ್ನೂ ಹಳದಿ ಬಾಣವನ್ನೂ ಅವನ ಕೈಗಿಟ್ಟು, “ಮೊದ್ಲು ನೀನು ಹೊಡಿಯಪ್ಪಾ” ಎಂದೆ.