ಹತ್ತರಗಿ ಗೋದಾಮಿನಲ್ಲಿ ಹೆಣ್ಣಾಳಿಲ್ಲ

ಯಮಕನಮರಡಿಯ ಕರೆವ್ವ ಹತ್ತರಗಿಯ ಗೋವಿನಜೋಳದ ಗೋದಾಮಿನಲ್ಲಿ ಚೀಲ ತುಂಬಲು ಶುರು ಮಾಡಿ ಒಂಬತ್ತು ವರ್ಷವಾಗಿತ್ತು. ಗಂಡ ಸಿದ್ರಾಯನೂ ಅಲ್ಲೇ. ಒಬ್ಬರು ಚೀಲದ ಬಾಯಿ ಹಿಡಿದರೆ ಇನ್ನೊಬ್ಬರು ತುಂಬುವುದು, ಕೈ ಸೋತಾಗ ಅದಲು ಬದಲು. ಶನಿವಾರದ ಪಗಾರದಲ್ಲಿ ಮಾತ್ರ ಅವನಿಗೆ ದಿನಕ್ಕೆ ಆರುನೂರು, ಅವಳಿಗೆ ನಾಲ್ಕುನೂರು.

ಯಾಕೆ ಹೀಗೆ ಎಂದು ಒಂದು ದಿನ ಮಾಲೀಕ ಕಾಶಿನಾಥನನ್ನು ಕೇಳಿದಳು.

“ಎರಡೂ ಒಂದ ಮನಿಗಿ ಹೋಗ್ತಾವಲ್ಲ ಕರೆವ್ವಾ.”

“ಹಂಗಾರ ನನಗ ಆರುನೂರ ಕೊಡ್ರಿ ಸಾವಕಾರ್ರ, ನಮ್ಮ ಮನಿಯವ್ರಿಗಿ ನಾಕನೂರ ಕೊಡ್ರಿ.”

ಅದು ಪದ್ಧತಿಯಲ್ಲ ಎಂದ ಕಾಶಿನಾಥ.

ಕರೆವ್ವ ಮಗಳ ಕೈಲಿ ಅರ್ಜಿ ಬರೆಸಿ ಕಾರ್ಮಿಕ ಇಲಾಖೆಗೆ ಕೊಟ್ಟು ಬಂದಳು. ನಿರೀಕ್ಷಕಿ ದೀಪಾ ಗೋದಾಮಿಗೆ ನೋಟಿಸು ಕಳಿಸಿದರು: ಒಂದೇ ಕೆಲಸಕ್ಕೆ ಹೆಂಗಸೆಂದು ಕಡಿಮೆ ಕೂಲಿ ಕೊಡುವಂತಿಲ್ಲ. ಕಾಶಿನಾಥ ಫೋನು ಮಾಡಿ, “ಹಂಗಾರ ಗಂಡಾಳಿಗೂ ನಾಕನೂರ ಮಾಡ್ತೇನ್ರಿ” ಎಂದ. ಸಮ ಮಾಡಲೆಂದು ಯಾರ ಕೂಲಿಯನ್ನೂ ಇಳಿಸುವಂತಿಲ್ಲ ಎಂದರು ದೀಪಾ.

ಅವರು ತಪಾಸಣೆಗೆ ಬಂದಾಗ ಹಾಜರಿ ಪುಸ್ತಕ ಹೊಚ್ಚ ಹೊಸದಾಗಿತ್ತು. ಅದರಲ್ಲಿ ಕರೆವ್ವನ ಬದಲು ಕರೆಪ್ಪ ಇದ್ದ, ಅವಳ ಜೊತೆ ದುಡಿಯುವ ಶೆಟ್ಟೆವ್ವನ ಬದಲು ಶೆಟ್ಟೆಪ್ಪ, ಕಸ್ತೂರಿಯ ಬದಲು ಕಸ್ತೂರಪ್ಪ.

“ನಮ್ಮಲ್ಲಿ ಹೆಣ್ಣಾಳ ಇಲ್ರಿ ಮೇಡಮ್. ತಾರತಮ್ಯ ಎಲ್ಲಿಂದ ಬರಬೇಕ್ರಿ?”

ದೀಪಾ ಜೋಳದ ರಾಶಿಯ ಕಡೆ ನೋಡಿದರು. “ಅಲ್ಲಿ ಸೀರಿ ಉಟ್ಕೊಂಡವ್ರು ಯಾರ್ರಿ?”

“ಗಂಡಾಳ್ರಿ. ಈ ವಾರದಿಂದ ಆರುನೂರ ಕೊಡಾಕತ್ತೇನಿ. ಆರುನೂರ ತಗೊಳ್ಳೋರೆಲ್ಲ ನಮ್ಮಲ್ಲಿ ಗಂಡಾಳ.”

ದೀಪಾ ಅದನ್ನು ಹಾಗೆಯೇ ಬರೆದುಕೊಂಡು, ಕೆಳಗೆ ಅವನ ಸಹಿ ಹಾಕಿಸಿಕೊಂಡರು.

ಶನಿವಾರ ಉಳಿದಿಬ್ಬರು ಹೆಂಗಸರು ಹೆಬ್ಬೆಟ್ಟು ಒತ್ತಿ ಪಗಾರ ತೆಗೆದುಕೊಂಡರು. ಕರೆವ್ವ ಒತ್ತಲಿಲ್ಲ.

“ತಗೋ, ರೊಕ್ಕ ಖರೆ ಅದಾವಲ್ಲ” ಎಂದ ಸಿದ್ರಾಯ.

“ಕರೆಪ್ಪ ಇದ ವಾರ ಕೆಲಸಕ್ಕ ಬಂದಾನಂತ ಬರದಾರ. ಅವನ ಹೆಸರಿಗಿ ನಾ ಒತ್ತಿದ್ರ, ಒಂಬತ್ತ ವರ್ಷ ದುಡದ ಕರೆವ್ವ ಎಲ್ಲಿಗಿ ಹೋದ್ಲು?”

ಬರಿಗೈಯಲ್ಲಿ ಟಂಟಂ ಆಟೋ ಹತ್ತಿದಳು. ದಾರಿಯಲ್ಲಿ ಅಳು ಬಂತು. ಸೆರಗು ಬಾಯಿಗೊತ್ತಿಕೊಂಡು ತಡೆದುಕೊಂಡಳು.

ಇಲಾಖೆಯ ಕಚೇರಿಯಲ್ಲಿ ವಿಚಾರಣೆಯ ದಿನ ಕಾಶಿನಾಥ, ಕರೆವ್ವ ಎಂಬವಳು ತನ್ನಲ್ಲಿ ಎಂದೂ ದುಡಿದಿಲ್ಲ, ಹಳೆಯ ಪುಸ್ತಕ ಗೆದ್ದಲು ತಿಂದಿದೆ, ಇರುವವನು ‘ಕರೆಪ್ಪ ಸಿದ್ರಾಯ’ ಎಂದು ಹೇಳಿಕೆ ಕೊಟ್ಟ. ಈ ಕಡೆ ಗಂಡಸರ ಹೆಸರಿನ ಮುಂದೆ ತಂದೆಯ ಹೆಸರು, ಮದುವೆಯಾದ ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರು. ಹೆಸರು ತಿದ್ದುವಾಗ ಅವನು ಆ ಭಾಗವನ್ನು ಮುಟ್ಟಿರಲಿಲ್ಲ.

ದೀಪಾ ಸಿದ್ರಾಯನನ್ನು ಕೇಳಿದರು: “ಈ ಕರೆಪ್ಪ ನಿಮಗ ಏನಾಗಬೇಕ್ರಿ?”

“ಪುಸ್ತಕದ ಪ್ರಕಾರ ಮಗ ಆಗಬೇಕ್ರಿ. ಅವನ ವಯಸ್ಸ ನಲವತ್ನಾಕ ಅಂತ ಬರದಾರ. ನನಗ ನಲವತ್ತೆಂಟ. ನಾ ನಾಕ ವರ್ಷದವ ಇದ್ದಾಗ ಹುಟ್ಟಿರಬೇಕ್ರಿ, ಅದಕ್ಕ ನೆನಪಿಲ್ಲ.”

ಅವನು ನಗಲಿಲ್ಲ. ಕಾಶಿನಾಥ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಆಮೇಲೆ ತಡೆಯಲಾರದೆ ಹಿಂದೆ ಕೂತಿದ್ದವಳ ಕಡೆ ತಿರುಗಿ, “ಕರೆವ್ವಾ, ನೀನರ ಹೇಳು, ಇಷ್ಟ ವರ್ಷದಾಗ ನಾ ನಿನಗ ತ್ರಾಸ ಕೊಟ್ಟೇನೇನು?” ಎಂದ.

ದೀಪಾ ಅದನ್ನೂ ಬರೆದುಕೊಂಡರು.

ಎರಡು ತಿಂಗಳಿಗೆ ಆದೇಶ ಬಂತು. ಮೂವರೂ ಹೆಂಗಸರಾದರು, ಆರುನೂರರ ಕೂಲಿಯೂ ಉಳಿಯಿತು. ಕರೆವ್ವನಿಗೆ ಹಿಂದಿನ ಬಾಕಿ ಸಿಕ್ಕಿದ್ದು ಮಗಳು ಮನೆಯಲ್ಲಿ ಲೆಕ್ಕ ಬರೆದಿಟ್ಟಿದ್ದ ಒಂದೇ ವರ್ಷದ್ದು. ಉಳಿದ ಎಂಟಕ್ಕೆ ದಾಖಲೆ ಇರಲಿಲ್ಲ. ಅದು ಅವಳನ್ನು ಬಹಳ ದಿನ ನೋಯಿಸಿತು.

ಮುಂದಿನ ವಾರ ಇಟ್ಟಂಗಿ ಭಟ್ಟಿಯ ನಾಲ್ವರು ಹೆಂಗಸರು ಅವಳ ಮನೆ ಹುಡುಕಿಕೊಂಡು ಬಂದು, ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದರು. ಕರೆವ್ವ ಅವರಿಗೆ ಚಹಾ ಕೊಟ್ಟು, ಬುಧವಾರ ತಾನೂ ಜೊತೆಗೆ ಬರುತ್ತೇನೆ ಎಂದಳು.